ಕಾಯಿದೆಯ ಓದು ಯಾರ ಸೊತ್ತು?

(ಗಿರಣಿ ಕಾರ್ಮಿಕರ ವಾಚನಾಲಯದ ವಾರದ ಸಭೆಯಲ್ಲಿ ನಮ್ಮ ಪಕ್ಷದ ಸಂಘಟಕರೊಬ್ಬರು ಮಾಡಿದ ಭಾಷಣದ ಪಾಠ)



ಇಂದಿನ ಭಾಷಣದ ವಿಷಯವನ್ನು ಹಲಗೆಯ ಮೇಲೆ ಓದಿ ಕೆಲವರು ನಕ್ಕರೆಂದು ಕೇಳಿದೆ. ಇಂಗ್ಲೆಂಡಿನಲ್ಲಿ ಕಾಯಿದೆ ಓದುವುದು, ಅದರ ಜೊತೆಗೆ ಫ್ರಾನ್ಸಿನ ಕಾಯಿದೆಯನ್ನೂ ಓದುವುದು, ಅದಕ್ಕಾಗಿ ಒಂದೆರಡು ವರ್ಷ ಪ್ಯಾರಿಸ್ಸಿನಲ್ಲಿ ಇದ್ದು ಬರುವುದು. ಪಾಳಿ ಮುಗಿಸಿ ದಣಿದು ಬಂದವನಿಗೆ ಈ ಸಂಗತಿ ಏಕೆ ಬೇಕು? ನಗು ಬಂದದ್ದು ಸಹಜ.

ಆದರೆ ಒಂದು ಮಾತು ಯೋಚಿಸಿರಿ. ಕೆಲಸಗಾರನ ಕೈ ಯಂತ್ರಕ್ಕೆ ಸಿಕ್ಕಿದರೆ ಪರಿಹಾರ ಎಷ್ಟು, ಮಾಲಿಕ ಒಬ್ಬನನ್ನು ಹೊರಗೆ ಹಾಕಿದರೆ ಕಾರಣ ಕೇಳುವ ಹಕ್ಕು ಉಂಟೋ ಇಲ್ಲವೋ, ಮಳಿಗೆಯ ಯಜಮಾನ ಬಾಡಿಗೆ ಏರಿಸಿ ಎದ್ದು ಹೋಗೆಂದರೆ ಅಂಗಡಿಕಾರನ ಗತಿಯೇನು, ಇವನ್ನೆಲ್ಲ ಹಣೆಯ ಮೇಲೆ ಬ್ರಹ್ಮ ಬರೆದಿಲ್ಲ. ಕಾಯಿದೆ ಬರೆದಿದೆ. ಆ ಕಾಯಿದೆ ಬೇರೆ ದೇಶದಲ್ಲಿ ಬೇರೆ ರೀತಿ ಇದೆ ಎಂದು ಕಂಡವನಿಗೆ ಒಂದು ಸತ್ಯ ಹೊಳೆಯುತ್ತದೆ: ಇದು ಹೀಗೆಯೇ ಇರಬೇಕಾಗಿರಲಿಲ್ಲ, ಇದನ್ನು ಬದಲಿಸಲು ಬರುತ್ತದೆ. ಎರಡು ದೇಶದ ಕಾಯಿದೆಯನ್ನು ಒಟ್ಟಿಗೆ ಓದುವುದರ ಹೆಚ್ಚಿನ ಲಾಭ ಇದೇ. ಇಂಥ ಓದು ಇಂದು ಯಾರ ಕೈಯಲ್ಲಿದೆ, ಯಾರ ಕೈಗೆ ಬರಬೇಕು ಎಂಬುದೇ ನನ್ನ ಮಾತು. ನಾನು ವಕೀಲನಲ್ಲ. ತಿಳಿದುಕೊಂಡಷ್ಟನ್ನು ಸರಳವಾಗಿ ಹೇಳುತ್ತೇನೆ.

ಈ ಓದು ಏನು?

ಇಂಗ್ಲೆಂಡಿನಲ್ಲಿ ಸಾಮಾನ್ಯ ಎಲ್‌ಎಲ್‌.ಬಿ. ಪದವಿಗೆ ಮೂರು ವರ್ಷ. ಶಾಲೆಯ ಕೊನೆಯ ಪರೀಕ್ಷೆ ಮುಗಿಸಿದ ಹುಡುಗ ಹುಡುಗಿಯರು ನೇರವಾಗಿ ಸೇರುತ್ತಾರೆ. ಫ್ರೆಂಚ್ ಕಾಯಿದೆಯೂ ಸೇರಿದ ಪದವಿಗೆ ನಾಲ್ಕು ವರ್ಷ. ಇದರಲ್ಲಿ ಎರಡು ಬಗೆ. ಒಂದು ಬಗೆಯಲ್ಲಿ ಮೂರನೆಯ ವರ್ಷವನ್ನು ಫ್ರಾನ್ಸಿನ ವಿಶ್ವವಿದ್ಯಾನಿಲಯದಲ್ಲಿ ಕಳೆದು, ಕೊನೆಯ ವರ್ಷಕ್ಕೆ ಹಿಂದಿರುಗಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಈ ಏರ್ಪಾಡಿದೆ. ಇನ್ನೊಂದು ಬಗೆಯಲ್ಲಿ ಎರಡು ವರ್ಷ ಲಂಡನ್ನು, ಎರಡು ವರ್ಷ ಪ್ಯಾರಿಸ್ಸು. ಲಂಡನ್ನಿನ ಕಿಂಗ್ಸ್ ಕಾಲೇಜು ಮತ್ತು ಪ್ಯಾರಿಸ್ಸಿನ ಪಾಂತೆಯೋನ್-ಸೊರ್ಬಾನ್ ವಿಶ್ವವಿದ್ಯಾನಿಲಯ ಕೂಡಿ ಇದನ್ನು ನಡೆಸುತ್ತವೆ. ಮುಗಿಸಿದವರಿಗೆ ಎರಡೂ ದೇಶದ ಪದವಿ ದೊರೆಯುತ್ತದೆ.

ಫ್ರಾನ್ಸಿನಲ್ಲಿ ಪಾಠ ಫ್ರೆಂಚಿನಲ್ಲಿ, ಪರೀಕ್ಷೆಯೂ ಫ್ರೆಂಚಿನಲ್ಲಿ. ಆದುದರಿಂದ ಸೇರುವ ಮೊದಲೇ ಆ ಭಾಷೆ ಚೆನ್ನಾಗಿ ಬರಬೇಕು. ಅಲ್ಲಿ ನೂರಾರು ಜನ ಕುಳಿತ ದೊಡ್ಡ ಸಭಾಂಗಣದಲ್ಲಿ ಪ್ರೊಫೆಸರರು ಉಪನ್ಯಾಸ ಕೊಡುತ್ತಾರೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಆಮೇಲೆ ಚಿಕ್ಕ ತರಗತಿಗಳಲ್ಲಿ ಅಭ್ಯಾಸ. ಉತ್ತರ ಬರೆಯುವುದಕ್ಕೂ ಒಂದು ಶಿಸ್ತು: ವಿಷಯವನ್ನು ಎರಡು ಭಾಗ ಮಾಡಬೇಕು, ಪ್ರತಿ ಭಾಗವನ್ನು ಮತ್ತೆ ಎರಡು ಮಾಡಬೇಕು. ಇಂಗ್ಲೆಂಡಿನಿಂದ ಹೋದ ಹುಡುಗರು ಮೊದಲ ತಿಂಗಳುಗಳಲ್ಲಿ ಇದಕ್ಕೇ ತಿಣುಕುತ್ತಾರೆ.

ಎರಡು ದಾರಿ

ಈ ಎರಡು ದೇಶಗಳ ನಡುವೆ ಇರುವುದು ಸಣ್ಣ ಕಡಲಗಾಲುವೆ. ಆದರೂ ಕಾಯಿದೆ ಹುಟ್ಟುವ ರೀತಿ ಬೇರೆ ಬೇರೆ. ಇಂಗ್ಲೆಂಡಿನಲ್ಲಿ ಹಿಂದಿನ ನ್ಯಾಯಾಧೀಶ ಕೊಟ್ಟ ತೀರ್ಪನ್ನು ಮುಂದಿನವನು ಅನುಸರಿಸಬೇಕು. ತೀರ್ಪಿನ ಮೇಲೆ ತೀರ್ಪು ಪೇರಿಸಿ ಕಾಯಿದೆ ಬೆಳೆಯುತ್ತದೆ. ಬ್ರಿಟಿಷರು ಈ ಪದ್ಧತಿಯನ್ನೇ ನಮ್ಮ ದೇಶಕ್ಕೂ ತಂದರು. ಫ್ರಾನ್ಸಿನಲ್ಲಿ ಪುಸ್ತಕವೇ ಮೊದಲು. 1804ರಲ್ಲಿ ನೆಪೋಲಿಯನ್ನನ ಆಳಿಕೆಯಲ್ಲಿ ಮದುವೆ, ಆಸ್ತಿ, ಕರಾರು, ಎಲ್ಲವನ್ನೂ 2,281 ವಿಧಿಗಳಲ್ಲಿ ಬರೆದು ಒಂದು ಸಂಹಿತೆ ಮಾಡಿದರು. ಅಲ್ಲಿನ ವಕೀಲ ಮೊದಲು ವಿಧಿಯ ಸಂಖ್ಯೆ ಹುಡುಕುತ್ತಾನೆ, ಇಲ್ಲಿನವನು ಮೊದಲು ಹಳೆಯ ತೀರ್ಪು ಹುಡುಕುತ್ತಾನೆ.

ಇದರಿಂದ ಕೆಲಸಗಾರನಿಗೆ ಏನು ವ್ಯತ್ಯಾಸ? ಒಂದು ಉದಾಹರಣೆ ಕೊಡುತ್ತೇನೆ. 1837ರಲ್ಲಿ ಇಂಗ್ಲೆಂಡಿನ ಕೋರ್ಟಿಗೆ ಪ್ರೀಸ್ಟ್‌ಲಿ ಎಂಬವನ ಖಟ್ಲೆ ಬಂತು. ಅವನು ಒಬ್ಬ ಮಾಂಸದ ವ್ಯಾಪಾರಿಯ ಆಳು. ಮಿತಿಮೀರಿ ಹೇರಿದ ಬಂಡಿ ಮುರಿದು ಅವನ ತೊಡೆ ಮುರಿಯಿತು. ಜ್ಯೂರಿಯವರು ನೂರು ಪೌಂಡು ಪರಿಹಾರ ಕೊಡಿಸಿದರು. ಮೇಲಿನ ನ್ಯಾಯಾಧೀಶರು ಅದನ್ನು ಕಿತ್ತುಕೊಂಡರು. ಆಳು ತನ್ನ ಜೀವದ ಬಗ್ಗೆ ತಾನೇ ಎಚ್ಚರವಹಿಸಬೇಕು, ಧಣಿಯನ್ನು ಹೊಣೆ ಮಾಡಿದರೆ ಇಂಥ ದಾವೆಗಳಿಗೆ ಕೊನೆಯೇ ಇರುವುದಿಲ್ಲ ಎಂಬುದು ಅವರ ವಾದದ ಸಾರ. ಆ ಒಂದು ತೀರ್ಪಿನಿಂದ ಒಂದು ತತ್ತ್ವವೇ ಬೆಳೆಯಿತು: ಜೊತೆ ಕೆಲಸಗಾರನ ತಪ್ಪಿನಿಂದ ಪೆಟ್ಟಾದರೆ ಮಾಲಿಕ ಹೊಣೆಯಲ್ಲ. ಗಿರಣಿಗಳು, ಗಣಿಗಳು, ರೈಲುಗಳು ಸಾವಿರಾರು ಜನರನ್ನು ಊನ ಮಾಡುತ್ತಿದ್ದ ಕಾಲದಲ್ಲಿ ಈ ತತ್ತ್ವ ಮಾಲಿಕರಿಗೆ ಗುರಾಣಿಯಾಯಿತು. ಅದು ಪೂರ್ತಿ ರದ್ದಾದದ್ದು 1948ರಲ್ಲಿ.

ಫ್ರಾನ್ಸಿನಲ್ಲಿ ಏನಾಯಿತು? ಅಲ್ಲಿನ ಸಂಹಿತೆ, ತಪ್ಪು ಮಾಡಿ ಹಾನಿ ಮಾಡಿದವನು ಹಾನಿ ತುಂಬಿಕೊಡಬೇಕು ಎಂದು ಹೇಳುತ್ತಿತ್ತು. ಕೇಳಲು ಚೆಂದ. ಆದರೆ ಬಾಯ್ಲರ್ ಸಿಡಿದರೆ ತಪ್ಪು ಯಾರದೆಂದು ರುಜುವಾತು ಮಾಡುವವರು ಯಾರು? ಸತ್ತವನ ಹೆಂಡತಿಯೇ? ದೋಣಿ ಎಳೆಯುವ ಒಂದು ಹಡಗಿನಲ್ಲಿ ಬಾಯ್ಲರ್ ಸಿಡಿದು ತೆಫೆನ್ ಎಂಬ ಯಂತ್ರಕಾರ ಸತ್ತ. 1896ರಲ್ಲಿ ಫ್ರಾನ್ಸಿನ ಉಚ್ಚ ನ್ಯಾಯಾಲಯ ಅದೇ ಸಂಹಿತೆಯ ಇನ್ನೊಂದು ವಿಧಿಯ ಕೆಲವು ಪದಗಳನ್ನು ಹೊಸ ರೀತಿಯಲ್ಲಿ ಓದಿ, ವಸ್ತು ಯಾರ ವಶದಲ್ಲಿದೆಯೋ ಅವರೇ ಹೊಣೆ ಎಂದು ತೀರ್ಮಾನಿಸಿತು. ಎರಡು ವರ್ಷಗಳಲ್ಲಿ, 1898ರಲ್ಲಿ, ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡಬೇಕೆಂಬ ಕಾಯಿದೆಯೂ ಬಂತು. ಇಂಗ್ಲೆಂಡಿನಲ್ಲಿ ಅಂಥ ಕಾಯಿದೆ 1897ರಲ್ಲಿ ಬಂದಿತ್ತು. ಇಂಗ್ಲೆಂಡಿನವರೇ ಆಳುತ್ತಿದ್ದ ನಮ್ಮ ದೇಶಕ್ಕೆ ಅದು ಬರಲು 1923ರವರೆಗೆ ಕಾಯಬೇಕಾಯಿತು.

ಈ ಪದವಿಯ ವಿದ್ಯಾರ್ಥಿ ಓದುವುದು ಇಂಥವನ್ನು. ನ್ಯಾಯಾಧೀಶನ ಬಾಯಿಂದ ಬಂದ ಮಾತಾಗಲಿ, ಸಂಹಿತೆಯ ವಿಧಿಯಾಗಲಿ, ಎರಡನ್ನೂ ಮನುಷ್ಯರೇ ಮಾಡಿದರು. ಯಾರದೋ ಹಿತಕ್ಕಾಗಿ ಮಾಡಿದರು. ಇನ್ಯಾರದೋ ಒತ್ತಾಯಕ್ಕೆ ಬದಲಿಸಿದರು.

ವ್ಯಾಪಾರಿಗಳ ಮಾತು

ಅಂಗಡಿಕಾರ ಮಿತ್ರರು ತಮ್ಮ ಸಂಗತಿ ಎಲ್ಲಿ ಎಂದು ಕೇಳಬಹುದು. ಬಾಡಿಗೆ ಮಳಿಗೆಯಲ್ಲಿ ಹತ್ತು ವರ್ಷ ಬೆವರು ಸುರಿಸಿ ಗಿರಾಕಿಗಳನ್ನು ಕೂಡಿಸಿದ್ದೀರಿ. ಗಿರಾಕಿ ಬರುವುದು ಗೋಡೆಯನ್ನು ನೋಡಿ ಅಲ್ಲ, ನಿಮ್ಮ ಮಾತು ತೂಕ ನೋಡಿ. ಯಜಮಾನ ಎಬ್ಬಿಸಿದರೆ ಆ ಗಿರಾಕಿ ಯಾರ ಪಾಲು? ಫ್ರಾನ್ಸಿನವರು ಅಂಗಡಿಯ ಈ ಹೆಸರು, ಗಿರಾಕಿ, ಸಾಮಾನು ಎಲ್ಲವನ್ನೂ ಸೇರಿಸಿ ಅದೇ ಒಂದು ಆಸ್ತಿ ಎಂದು ಕಾಯಿದೆಯಲ್ಲಿ ಒಪ್ಪಿದ್ದಾರೆ. 1953ರ ಸೆಪ್ಟೆಂಬರಿನ ಶಾಸನದ ಪ್ರಕಾರ ಅಂಗಡಿಯ ಗೇಣಿ ಕರಾರು ಸಾಮಾನ್ಯವಾಗಿ ಒಂಬತ್ತು ವರ್ಷಕ್ಕೆ ಕಡಿಮೆಯಿರಬಾರದು. ಅವಧಿ ಮುಗಿದಾಗ ಅದನ್ನು ಮುಂದುವರಿಸಿಕೊಳ್ಳುವ ಹಕ್ಕು ಅಂಗಡಿಕಾರನದು. ತಕ್ಕ ಕಾರಣವಿಲ್ಲದೆ ಯಜಮಾನ ಒಲ್ಲೆನೆಂದರೆ, ಎಬ್ಬಿಸಿದ್ದಕ್ಕೆ ನಷ್ಟ ಕಟ್ಟಿಕೊಡಬೇಕು. ಮರುವರ್ಷ, 1954ರಲ್ಲಿ, ಇಂಗ್ಲೆಂಡಿನಲ್ಲಿಯೂ ಅಂಗಡಿಕಾರನಿಗೆ ರಕ್ಷಣೆ ಕೊಡುವ ಕಾಯಿದೆ ಬಂತು. ಆದರೆ 1969ರಲ್ಲಿ ಅದಕ್ಕೆ ಒಂದು ಕಿಂಡಿ ಕೊರೆದರು: ಬಾಡಿಗೆದಾರ ತನಗೆ ಆ ರಕ್ಷಣೆ ಬೇಡವೆಂದು ಮೊದಲೇ ಒಪ್ಪಿಕೊಳ್ಳಬಹುದು. ಮಳಿಗೆ ಬೇಕಾದವನು ಒಪ್ಪದೆ ಏನು ಮಾಡಿಯಾನು?

ಇನ್ನೂ ಒಂದು ಸಂಗತಿ. ಫ್ರಾನ್ಸಿನಲ್ಲಿ ವ್ಯಾಪಾರದ ತಂಟೆಗಳನ್ನು ತೀರಿಸಲು ವ್ಯಾಪಾರಿಗಳೇ ತಮ್ಮೊಳಗಿಂದ ಆರಿಸಿದ ನ್ಯಾಯಾಧೀಶರಿರುವ ಕೋರ್ಟುಗಳಿವೆ. ಪ್ಯಾರಿಸ್ಸಿನಲ್ಲಿ ಇದು 1563ರಿಂದ ಬಂದ ಪದ್ಧತಿ. ಕಾರ್ಮಿಕರಿಗೂ ಇಂಥ ಒಂದು ಕಟ್ಟೆಯುಂಟು. ರೇಷ್ಮೆ ಮಗ್ಗಗಳ ಊರಾದ ಲಿಯೋನಿನಲ್ಲಿ 1806ರಲ್ಲಿ ಅದು ಆರಂಭವಾಯಿತು. ಮೊದಲು ಅದರಲ್ಲಿ ಸಾಮಾನ್ಯ ಕೆಲಸಗಾರನಿಗೆ ಜಾಗವಿರಲಿಲ್ಲ. 1848ರ ಕ್ರಾಂತಿ ಸಮಾನ ಸ್ಥಾನ ಕೊಡಿಸಿತು. ಇಂದಿಗೂ ಅಲ್ಲಿ ಮಾಲಿಕರ ಕಡೆಯವರು ಎಷ್ಟೋ, ಕಾರ್ಮಿಕರ ಕಡೆಯವರೂ ಅಷ್ಟೇ ಕುಳಿತು ಪಗಾರದ, ವಜಾದ ತಂಟೆಗಳನ್ನು ತೀರ್ಮಾನಿಸುತ್ತಾರೆ. ಅವರನ್ನು ಕಾರ್ಮಿಕರೇ ಓಟು ಹಾಕಿ ಆರಿಸುವ ಕ್ರಮ ಮಾತ್ರ 2008ರ ಚುನಾವಣೆಗೆ ಕೊನೆಗೊಂಡಿತು. ಈಗ ಸಂಘಗಳು ಸೂಚಿಸಿದವರನ್ನು ನೇಮಿಸುತ್ತಾರೆ. "ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ" ಎಂಬ ನಮ್ಮ ಗಾದೆ ಎಲ್ಲ ಕೋರ್ಟಿಗೂ ಅನ್ವಯಿಸಬೇಕಾಗಿಲ್ಲ. ಕೋರ್ಟನ್ನು ಬೇರೆ ರೀತಿಯಲ್ಲೂ ಕಟ್ಟಬಹುದು.

ಹಕ್ಕು ಬಂದ ಬಗೆ

ಇಷ್ಟು ಕೇಳಿ ಫ್ರಾನ್ಸು ಸ್ವರ್ಗವೆಂದು ತಿಳಿಯಬೇಡಿರಿ. ಮನುಷ್ಯರೆಲ್ಲ ಸಮಾನರೆಂದು 1789ರಲ್ಲಿ ಸಾರಿದ ದೇಶ ಅದು. ಎರಡೇ ವರ್ಷದಲ್ಲಿ, 1791ರಲ್ಲಿ, ಕೆಲಸಗಾರರು ಕೂಲಿಗಾಗಿ ಕೂಡಿ ಸಂಘ ಕಟ್ಟುವುದನ್ನು ಅದೇ ದೇಶ ನಿಷೇಧಿಸಿತು. 1804ರ ಸಂಹಿತೆಯಲ್ಲಿ 1781ನೆಯ ವಿಧಿಯೊಂದಿತ್ತು: ಪಗಾರ ಎಷ್ಟು, ಕೊಟ್ಟಾಯಿತೇ ಇಲ್ಲವೇ ಎಂಬ ತಂಟೆಯಲ್ಲಿ ಧಣಿಯ ಮಾತನ್ನೇ ನಂಬಬೇಕು. ಅಲ್ಲಿಗೆ ಸಮಾನತೆಯ ಕತೆ ಮುಗಿಯಿತು. ಈ ವಿಧಿ ಹೋದದ್ದು 1868ರಲ್ಲಿ. ಮುಷ್ಕರ ಅಪರಾಧವಲ್ಲ ಎಂದದ್ದು 1864ರಲ್ಲಿ. ಸಂಘ ಕಟ್ಟಬಹುದು ಎಂದದ್ದು 1884ರಲ್ಲಿ. ಒಂದೊಂದಕ್ಕೂ ಎಷ್ಟು ಜನ ಜೈಲು ಕಂಡರೆಂದು ಲೆಕ್ಕವಿಟ್ಟವರಾರು?

ಇಂಗ್ಲೆಂಡೂ ಹಿಂದೆ ಬೀಳಲಿಲ್ಲ. ಕರಾರು ಮುರಿದ ಮಾಲಿಕ ದುಡ್ಡು ಕಟ್ಟಿದರೆ ಸಾಕು, ಕರಾರು ಮುರಿದ ಆಳು ಜೈಲಿಗೆ. ಇದು ಅಲ್ಲಿ 1875ರವರೆಗೂ ಕಾಯಿದೆ. ಅದೇ ಮಾದರಿಯ ಕಾಯಿದೆಯನ್ನು 1859ರಲ್ಲಿ ನಮ್ಮ ದೇಶಕ್ಕೂ ಹೇರಿದರು. ತಮ್ಮ ಮನೆಯಲ್ಲಿ ತೆಗೆದುಹಾಕಿದ ಮೇಲೂ ಐವತ್ತು ವರ್ಷ ಇಲ್ಲಿ ಇಟ್ಟುಕೊಂಡರು. ಇಲ್ಲಿ ಅದು ರದ್ದಾದದ್ದು 1925ರಲ್ಲಿ.

ಮುಷ್ಕರದ ಸಂಗತಿಯಲ್ಲಿ ಎರಡು ದೇಶದ ದಾರಿ ಬೇರೆಯಾಯಿತು. ಫ್ರಾನ್ಸಿನಲ್ಲಿ 1946ರ ಸಂವಿಧಾನದ ಪೀಠಿಕೆಯಲ್ಲಿಯೇ ಮುಷ್ಕರದ ಹಕ್ಕನ್ನು ಬರೆದಿದ್ದಾರೆ, ಅದು ಇಂದಿಗೂ ಜೀವಂತ. ಇಂಗ್ಲೆಂಡಿನಲ್ಲಿ ಅಂಥ ಹಕ್ಕೆಂದು ಎಲ್ಲಿಯೂ ಬರೆದಿಲ್ಲ. ಮುಷ್ಕರ ಹೂಡಿದ ಸಂಘದ ಮೇಲೆ ಮಾಲಿಕ ನಷ್ಟದ ದಾವೆ ಹಾಕದಂತೆ 1906ರಲ್ಲಿ ಒಂದು ರಕ್ಷೆ ಕೊಟ್ಟರು, ಅಷ್ಟೆ. ನಾವು ಹಿಡಿದದ್ದು ಇಂಗ್ಲೆಂಡಿನ ದಾರಿ. ಮದರಾಸಿನ ಬಕಿಂಗ್‌ಹ್ಯಾಂ ಗಿರಣಿಯವರು ಬಿ. ಪಿ. ವಾಡಿಯಾ ಅವರ ಮೇಲೆ ದಾವೆ ಹೂಡಿ ಹೈಕೋರ್ಟಿನಿಂದ ತಡೆಯಾಜ್ಞೆ ತಂದ ಮೇಲೆ ದೇಶದಲ್ಲಿ ಕೂಗೆದ್ದಿತು, 1926ರಲ್ಲಿ ಕಾರ್ಮಿಕ ಸಂಘಗಳ ಕಾಯಿದೆ ಬಂತು. ಸಂಘ ಕಟ್ಟುವ ಮೂಲಭೂತ ಹಕ್ಕಿನಲ್ಲಿ ಮುಷ್ಕರದ ಹಕ್ಕು ಸೇರಿಲ್ಲವೆಂದು ನಮ್ಮ ಸುಪ್ರೀಂ ಕೋರ್ಟು 1961ರಲ್ಲಿ ತೀರ್ಪು ಕೊಟ್ಟಿತು. ಈಗ ಆ 1926ರ ಕಾಯಿದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಇದೆ. 2020ರಲ್ಲಿ ಪಾರ್ಲಿಮೆಂಟು ಒಪ್ಪಿದ ಅದನ್ನು 2025ರ ನವೆಂಬರ್ 21ರಂದು ಜಾರಿಗೆ ತಂದರು. ಯಾವ ಗಿರಣಿಯಲ್ಲಾದರೂ ಮುಷ್ಕರ ಹೂಡುವ ಮೊದಲು ನೋಟೀಸು ಕೊಟ್ಟು 14 ದಿನ ಕಾಯಬೇಕೆಂದು ಅದು ಹೇಳುತ್ತದೆ. ಬೇರೆ ದೇಶ ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿದೆ ಎಂದು ಬಲ್ಲವನು ಇದನ್ನು ಓದುವ ರೀತಿಯೇ ಬೇರೆ.

ಪಾಂಡಿಚೇರಿಯ ಪಾಠ

ಫ್ರೆಂಚ್ ಕಾಯಿದೆ ನಮ್ಮ ನೆಲಕ್ಕೆ ಪೂರಾ ಅಪರಿಚಿತವೇನಲ್ಲ. ಪಾಂಡಿಚೇರಿಯಲ್ಲಿ ಅದೇ ನಡೆಯುತ್ತಿತ್ತು. 1936ರ ಜೂನಿನಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳಲ್ಲಿಯೇ ಕುಳಿತು ಮುಷ್ಕರ ಹೂಡಿದರು. ಸಮಾಜವಾದಿ ಲಿಯೋನ್ ಬ್ಲುಮ್ ಅವರ ಸರ್ಕಾರ ವಾರಕ್ಕೆ 40 ಗಂಟೆ ಕೆಲಸ, ವರ್ಷಕ್ಕೆ ಎರಡು ವಾರ ಪಗಾರ ಸಹಿತ ರಜೆ ಎಂದು ಕಾಯಿದೆ ಮಾಡಿತು. ಒಂದು ತಿಂಗಳು ಕಳೆಯಿತು. ಅದೇ ಫ್ರಾನ್ಸಿನ ಧ್ವಜದ ಕೆಳಗೆ, ಪಾಂಡಿಚೇರಿಯಲ್ಲಿ, ಹಕ್ಕು ಕೇಳಿದ ಸವಾನಾ ಗಿರಣಿಯ ಕೆಲಸಗಾರರ ಮೇಲೆ ಜುಲೈ 30ರಂದು ಗುಂಡು ಹಾರಿಸಿದರು. ಹನ್ನೆರಡು ಜನ ಸತ್ತರು. ಸಂಹಿತೆ ಒಂದೇ, ಸರ್ಕಾರ ಒಂದೇ, ಆದರೆ ಪ್ಯಾರಿಸ್ಸಿನ ಕೆಲಸಗಾರನಿಗೆ ರಜೆ, ಪಾಂಡಿಚೇರಿಯ ಕೆಲಸಗಾರನಿಗೆ ಗುಂಡು. ವಿ. ಸುಬ್ಬಯ್ಯ ಮೊದಲಾದವರ ಹೋರಾಟದಿಂದ 1937ರಲ್ಲಿ ಅಲ್ಲಿ ಎಂಟು ಗಂಟೆಯ ದಿನವೂ ಸಂಘದ ಹಕ್ಕೂ ಬಂದವು. ಪುಸ್ತಕದಲ್ಲಿದ್ದ ಮಾತ್ರಕ್ಕೆ ಕಾಯಿದೆ ತಾನೇ ನಡೆದು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಫ್ರೆಂಚ್ ಕಾಯಿದೆ ಓದುವವರು ಪ್ಯಾರಿಸ್ಸಿನ ಪುಟಗಳ ಜೊತೆಗೆ ಪಾಂಡಿಚೇರಿಯ ಈ ಪುಟವನ್ನೂ ಓದಬೇಕು.

ಓದುವವರು ಯಾರು?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಂಗ್ಲೆಂಡಿನಲ್ಲಿ 1962ರ ಶಿಕ್ಷಣ ಕಾಯಿದೆಯ ಪ್ರಕಾರ ಪದವಿ ಓದುವವರ ಶುಲ್ಕವನ್ನು ಸ್ಥಳೀಯ ಸರ್ಕಾರಗಳೇ ಕಟ್ಟುತ್ತಿದ್ದವು, ಬಡವರ ಮಕ್ಕಳಿಗೆ ಊಟ ವಸತಿಗೂ ಹಣ ಕೊಡುತ್ತಿದ್ದವು. ಗಣಿ ಕಾರ್ಮಿಕನ ಮಗನೂ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದ್ದು ಹೀಗೆ. 1998ರಲ್ಲಿ ವರ್ಷಕ್ಕೆ 1,000 ಪೌಂಡು ಶುಲ್ಕ ಹಾಕಿದರು. 2006ರಲ್ಲಿ ಅದು 3,000ಕ್ಕೆ, 2012ರಲ್ಲಿ 9,000ಕ್ಕೆ, 2025ರಲ್ಲಿ 9,535ಕ್ಕೆ ಏರಿತು. ಇದು ಆ ದೇಶದವರಿಗೆ. ನಮ್ಮಂಥ ಹೊರಗಿನವರಿಗೆ ಮಿತಿಯೇ ಇಲ್ಲ. ವಿಶ್ವವಿದ್ಯಾನಿಲಯ ಹೇಳಿದ್ದೇ ಬೆಲೆ.

ಫ್ರಾನ್ಸಿನ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಪದವಿ ತರಗತಿಗೆ ವರ್ಷಕ್ಕೆ 170 ಯೂರೋ ಮಾತ್ರ ಇತ್ತು. 2019ರಲ್ಲಿ ಯುರೋಪಿನ ಹೊರಗಿನವರಿಗೆ ಅದನ್ನು 2,770 ಮಾಡಿದರು. ವಿದ್ಯಾರ್ಥಿ ಸಂಘಗಳು ಸುಮ್ಮನಿರಲಿಲ್ಲ, ನ್ಯಾಯಕ್ಕೆ ಹೋದವು. ಉಚಿತ ಶಿಕ್ಷಣದ ತತ್ತ್ವ ವಿಶ್ವವಿದ್ಯಾನಿಲಯಕ್ಕೂ ಸೇರುತ್ತದೆಂದು ಅಲ್ಲಿನ ಸಂವಿಧಾನ ಮಂಡಲಿ ಅದೇ ವರ್ಷ ಒಪ್ಪಿತು. ಆದರೆ ಮಿತವಾದ ಶುಲ್ಕ ಪಡೆಯಬಹುದು ಎಂದಿತು. 2020ರಲ್ಲಿ ಇನ್ನೊಂದು ಉಚ್ಚ ನ್ಯಾಯಾಲಯ ಹೆಚ್ಚಿಸಿದ ಶುಲ್ಕವನ್ನೇ ಎತ್ತಿಹಿಡಿಯಿತು. ತತ್ತ್ವ ಉಳಿಯಿತು, ಶುಲ್ಕವೂ ಉಳಿಯಿತು! ಅನೇಕ ವಿಶ್ವವಿದ್ಯಾನಿಲಯಗಳು ಮಾತ್ರ ವಿನಾಯಿತಿ ಕೊಡುತ್ತಿವೆ.

ಎರಡು ದೇಶದ ನಡುವೆ ವಿದ್ಯಾರ್ಥಿಗಳು ಹೋಗಿಬರಲು 1987ರಿಂದ ಎರಾಸ್ಮಸ್ ಎಂಬ ಯೋಜನೆಯಿತ್ತು. ಹೋದ ಕಡೆ ಶುಲ್ಕವಿಲ್ಲ, ಕೈಗೆ ಅಷ್ಟಿಷ್ಟು ಹಣ. ಬ್ರಿಟನ್ನು 2020ರಲ್ಲಿ ಯುರೋಪಿನ ಒಕ್ಕೂಟ ಬಿಟ್ಟಿತು, ಮರುವರ್ಷ ಆ ಯೋಜನೆಯನ್ನೂ ಬಿಟ್ಟಿತು. ಸಾಹುಕಾರನ ಮಗ ತಂದೆಯ ದುಡ್ಡಿನಲ್ಲಿ ಪ್ಯಾರಿಸ್ಸಿಗೆ ಹೋಗುತ್ತಲೇ ಇದ್ದ. ಪೆಟ್ಟು ಬಿದ್ದದ್ದು ಬಡವನ ಮಗಳಿಗೆ. 2027ರಿಂದ ಮತ್ತೆ ಸೇರುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿದ್ದಾರೆ.

ನಮ್ಮ ಮಕ್ಕಳಿಗೆ ತೊಡಕು ಇನ್ನೂ ಹೆಚ್ಚು. ನಮ್ಮ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಎಂ.ಎ. ಮಟ್ಟದ ಓದಿಗೆ ಮತ್ತು ಸಂಶೋಧನೆಗೆ; ಮೊದಲ ಪದವಿಗೆ ಇಲ್ಲ. ಹೇಗೋ ಓದಿ ಬಂದರೂ, ನಾಲ್ಕು ವರ್ಷದ ಆ ಪದವಿಯೊಂದರಿಂದ ಇಲ್ಲಿ ಕರಿ ಕೋಟು ಹಾಕಲಾಗುವುದಿಲ್ಲ. ಪಿಯುಸಿಯ ನಂತರ ನೇರ ಕಾಯಿದೆ ಓದುವವರಿಗೆ ನಮ್ಮ ಬಾರ್ ಕೌನ್ಸಿಲ್ಲು ಕೇಳುವುದು ಐದು ವರ್ಷ. ಕೊರತೆಯನ್ನು ಇಲ್ಲಿ ಓದಿ ತುಂಬಿ, ಅದರ ಮೇಲೆ ಅರ್ಹತಾ ಪರೀಕ್ಷೆಯನ್ನೂ ಮುಗಿಸಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಮಕ್ಕಳನ್ನು ಕಳುಹಿಸಲು ಸಾಲಕ್ಕೆ ಮುಂದಾಗುವ ತಂದೆತಾಯಿಗಳು ಇದನ್ನು ಮೊದಲು ತಿಳಿದಿರಬೇಕು. ದಲಾಲಿಗಳು ಇದನ್ನು ಹೇಳುವುದಿಲ್ಲ.

ಒಂದು ಆಕ್ಷೇಪ

ಪರದೇಶದಲ್ಲಿ ಓದಿದವರು ಸಾಹೇಬರಾಗಿ ಬರುತ್ತಾರೆ, ಕಂಪೆನಿಗಳ ವಕೀಲರಾಗುತ್ತಾರೆ, ಅಂಥವರಿಂದ ನಮಗೇನು ಎಂದು ನಮ್ಮ ಪಕ್ಷದ ಕೆಲವರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಇಂಥ ಜೋಡಿ ಪದವಿ ಪಡೆದ ಅನೇಕರನ್ನು ಲಂಡನ್, ಪ್ಯಾರಿಸ್ಸುಗಳ ದೊಡ್ಡ ವಕೀಲಿ ಸಂಸ್ಥೆಗಳು ಸೆಳೆದುಕೊಳ್ಳುತ್ತವೆ. ಎರಡು ದೇಶದ ಕಂಪೆನಿಗಳ ವ್ಯವಹಾರಕ್ಕೆ ಅಂಥವರು ಬೇಕು.

ಆದರೆ ಇನ್ನೊಂದು ಪಕ್ಕವನ್ನೂ ನೋಡಿರಿ. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಡಾ. ಅಂಬೇಡ್ಕರರು ಅಮೆರಿಕಕ್ಕೆ ಹೋದರು, ಅಲ್ಲಿಂದ ಲಂಡನ್ನಿಗೆ. ವೇತನದ ಅವಧಿ ಮುಗಿದುದರಿಂದ ಓದನ್ನು ನಡುವೆ ಬಿಟ್ಟು ಬರಬೇಕಾಯಿತು. ದುಡಿದು ಕೂಡಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಹಿಡಿದು 1920ರಲ್ಲಿ ಮತ್ತೆ ಹೋಗಿ ಬ್ಯಾರಿಸ್ಟರರಾದರು. ಆ ಬ್ಯಾರಿಸ್ಟರು ಏನು ಮಾಡಿದರು? ಮುಷ್ಕರಕ್ಕೆ ಬೇಡಿ ಹಾಕುವ ಮಸೂದೆಯನ್ನು ಮುಂಬಯಿ ಸರ್ಕಾರ ತಂದಾಗ ಶಾಸನಸಭೆಯೊಳಗೆ ಅದನ್ನು ವಿರೋಧಿಸಿದರು, 1938ರ ನವೆಂಬರ್ 7ರಂದು ಮುಂಬಯಿಯ ಗಿರಣಿ ಕಾರ್ಮಿಕರ ಮುಷ್ಕರದಲ್ಲಿ ಮುಂದೆ ನಿಂತರು. 1942ರಿಂದ 1946ರವರೆಗೆ ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಖಾತೆ ಅವರದಾಗಿತ್ತು. ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿದದ್ದು 1946ರ ತಿದ್ದುಪಡಿಯಿಂದ. ಪಾಂಡಿಚೇರಿಯಲ್ಲಿ 1838ರಲ್ಲಿ ಫ್ರೆಂಚರು ತೆರೆದ ಕಾಯಿದೆ ಶಾಲೆಯ ಪರಂಪರೆಯಲ್ಲಿ ಬಂದ ಸರ್ಕಾರಿ ಕಾಲೇಜಿಗೆ ಇಂದು ಅವರದೇ ಹೆಸರು. ಓದು ಮನುಷ್ಯನನ್ನು ಧಣಿಗಳ ಕಡೆಗೂ ಒಯ್ಯಬಹುದು, ದುಡಿಯುವವರ ಕಡೆಗೂ ತರಬಹುದು. ದುಡಿಯುವವರ ಮನೆಯಿಂದ ಹತ್ತು ಜನ ಹೋದರೆ ಇಬ್ಬರಾದರೂ ಹಿಂದಿರುಗುತ್ತಾರೆ. ಒಬ್ಬರೂ ಹೋಗದಿದ್ದರೆ ಹಿಂದಿರುಗುವವರಾರು?

ನಾವು ಮಾಡಬೇಕಾದುದು

ಮೂರು ಕೆಲಸ ಹೇಳಿ ಮುಗಿಸುತ್ತೇನೆ. ಮೊದಲನೆಯದು, ಮೊದಲ ಪದವಿಯ ಓದಿಗೂ ಸಾಗರೋತ್ತರ ವಿದ್ಯಾರ್ಥಿವೇತನ ಬೇಕೆಂದು ನಮ್ಮ ಸಂಘಗಳು ಠರಾವು ಮಾಡಿ ಕೇಂದ್ರ ಸರ್ಕಾರಕ್ಕೆ ಕಳುಹಿಸಬೇಕು. ವ್ಯಾಪಾರಿ ಸಂಘದವರೂ ಸಹಿ ಹಾಕಬೇಕು. ಎರಡನೆಯದು, ಜಾಣ ಮಕ್ಕಳಿಗೆ ಭಾಷೆಯ ದಾರಿ ತೆರೆಯಬೇಕು. ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿ ಪಿಯುಸಿಗೆ ಫ್ರೆಂಚ್ ತೆಗೆದುಕೊಳ್ಳಬಹುದು. ಆ ಸವಲತ್ತು ಜಿಲ್ಲೆಯ ಸರ್ಕಾರಿ ಕಾಲೇಜಿಗೂ ಬರಲಿ ಎಂದು ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಮೂರನೆಯದು, ಯಾರೂ ಎಲ್ಲಿಗೂ ಹೋಗದೆ ಮಾಡಬಹುದಾದ ಕೆಲಸ. ನಮ್ಮ ಮೇಲೆ ನಡೆಯುವ ಕಾಯಿದೆಯನ್ನು ನಾವೇ ಓದಬೇಕು. ಓದುವಾಗ ಪ್ರತಿ ವಿಧಿಗೂ ಎರಡು ಪ್ರಶ್ನೆ ಹಾಕಬೇಕು: ಇದು ಯಾರ ಹಿತಕ್ಕೆ? ಬೇರೆ ಕಡೆ ಇದು ಹೇಗಿದೆ?

ಮುಂದಿನ ವಾರದಿಂದ ಇದೇ ವಾಚನಾಲಯದಲ್ಲಿ, ಎರಡನೆಯ ಪಾಳಿ ಬಿಟ್ಟ ಮೇಲೆ, ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು ಕನ್ನಡದಲ್ಲಿ ಒಂದೊಂದೇ ವಿಧಿಯಾಗಿ ಓದಿ ಚರ್ಚಿಸೋಣ. ಅಕ್ಷರ ಬಾರದವರು ಕೇಳಲು ಬನ್ನಿರಿ, ಬರುವವರು ಒಂದು ನೋಟುಬುಕ್ಕು ತನ್ನಿರಿ.